ಪಿಎಚ್‌ಡಿ ಸೀಟು ಸಿಗದ ಮನೆಯಲ್ಲಿ





ಪಿಎಚ್‌ಡಿ ಪ್ರವೇಶ ಪಟ್ಟಿಯಲ್ಲಿ ಮಗಳ ಹೆಸರಿಲ್ಲವೆಂದು ತಿಳಿದ ಸಂಜೆಯೇ ಮದುವೆಯ ಮಾತೆತ್ತುವವರು ನಾವು. ಮಗನಾದರೆ ಗಲ್ಫ್ ವೀಸಾ. ತಿರಸ್ಕೃತವಾದದ್ದು ಒಂದು ಅರ್ಜಿ; ಅದನ್ನು ಯೋಗ್ಯತೆಯ ಮೇಲಿನ ತೀರ್ಪನ್ನಾಗಿ ಮಾಡುವವರು ಮನೆಯವರೇ.

ಸೀಟುಗಳ ಲೆಕ್ಕ ನೋಡೋಣ. ಯುಜಿಸಿಯ 2022ರ ನಿಯಮಾವಳಿಯಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಷ್ಟೇ ಪಿಎಚ್‌ಡಿ ಮಾರ್ಗದರ್ಶನ ನೀಡಬಹುದು. ನಮ್ಮ ವಿಷಯದ ಮಾರ್ಗದರ್ಶಕರಲ್ಲಿ ಆ ವರ್ಷ ಸ್ಥಾನ ಖಾಲಿಯಿಲ್ಲದಿದ್ದರೆ ಎಂತಹ ಪ್ರತಿಭೆಯೂ ಹೊರಗೇ.

ಹಾಗೆಂದು ಎಲ್ಲವೂ ಸರಿಯಿದೆಯೆಂದಲ್ಲ. ಪ್ರತಿಷ್ಠಿತ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50ಕ್ಕೆ ಒಬ್ಬರಷ್ಟೇ ಮುಸ್ಲಿಮರೆಂದು ಸಾಚಾರ್ ಸಮಿತಿ 2006ರಲ್ಲೇ ವರದಿ ಮಾಡಿತ್ತು. ಸಂಶೋಧಕರಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ಫೆಲೋಶಿಪನ್ನು ಕೇಂದ್ರ ಸರಕಾರವು 2022ರಲ್ಲಿ ನಿಲ್ಲಿಸಿತು. ಇವನ್ನು ಪ್ರಶ್ನಿಸಲೇಬೇಕು. ಆದರೆ ಪ್ರತಿಯೊಂದು ನಿರಾಕರಣೆಗೂ ಪಕ್ಷಪಾತವೇ ಕಾರಣವೆಂದು ನಾವೇ ಹೇಳಿಕೊಟ್ಟರೆ, ಮಕ್ಕಳು ತಮ್ಮ ಸಂಶೋಧನಾ ಪ್ರಸ್ತಾವನೆಯನ್ನು ತಿದ್ದಿ ಬರೆಯಲು ಕೂರುವುದಾದರೂ ಏಕೆ?

ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ. ಪ್ರವಾದಿ ಯಾಕೂಬ್(ಅ)ರು ಅತ್ತರು. ಆದರೂ ಯೂಸುಫ್(ಅ)ರನ್ನು ಹುಡುಕಲು ಮಕ್ಕಳನ್ನು ಮತ್ತೆ ಕಳುಹಿಸಿದರು. ನಮ್ಮ ಮಕ್ಕಳೂ ಒಂದೆರಡು ದಿನ ಅಳಲಿ. ಆಮೇಲೆ ಮುಂದಿನ ಅರ್ಜಿಯ ಶುಲ್ಕವನ್ನೂ ಸಂದರ್ಶನಕ್ಕೆ ಹೋಗುವ ರೈಲಿನ ಖರ್ಚನ್ನೂ ಮದುವೆಗೆಂದು ತೆಗೆದಿರಿಸಿದ ಹಣದಿಂದಲೇ ಕೊಡೋಣ.