ಗೋಡೆಯ ಮೇಲಿನ ಪಟ

(ಮೈಸೂರಿನಲ್ಲಿ ತರುಣರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಫೋಟೊ ಕಲೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಕರೆದಿದ್ದೀರಿ. ನಾನು ಕ್ಯಾಮರಾ ಹಿಡಿದವನಲ್ಲ. ಮೆಟ್ರಿಕ್ ಮುಗಿಸಿ, ಕೆಲವು ವರ್ಷ ಹಳ್ಳಿಯ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟು, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಆದರೆ ಈ ಕೆಲಸದಲ್ಲಿ ದಿನಕ್ಕೆ ಹತ್ತು ಮನೆ ಹತ್ತಿ ಇಳಿಯುತ್ತೇನೆ. ಹತ್ತು ಮನೆಯ ಗೋಡೆ ನೋಡುತ್ತೇನೆ. ಗೋಡೆಯ ಮೇಲೆ ಯಾರ ಪಟ ಇದೆ, ಯಾರ ಪಟ ಇಲ್ಲ ಎಂಬುದನ್ನು ನೋಡಿದರೆ ಆ ಮನೆಯ ಅರ್ಧ ಚರಿತ್ರೆ ತಿಳಿಯುತ್ತದೆ.

ನಮ್ಮ ಸೀಮೆಯಲ್ಲಿ ಫೋಟೊ ಎನ್ನುವುದು ಬರಿಯ ಚಿತ್ರವಲ್ಲ. ಬದುಕಿದ್ದಾಗ ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೆದರಿದ ಹಿರಿಯರೇ ಸತ್ತ ಮೇಲೆ ಪಟದಲ್ಲಿ ಬಂದು ಕೂರುತ್ತಾರೆ. ಗಾಜಿನ ಮೇಲೆ ಹಣೆಯ ಜಾಗ ನೋಡಿ ಕುಂಕುಮ ಇಡುತ್ತೇವೆ, ಗಂಧದ ಹಾರ ಹಾಕುತ್ತೇವೆ. ಮಹಾಲಯ ಅಮಾವಾಸ್ಯೆ ಬಂದಾಗ ಅದರ ಮುಂದೆ ಎಡೆ ಇಟ್ಟು ಬಾಗಿಲು ಮುಂದೂಡಿ, ಹಿರಿಯರು ಉಂಡು ಹೋಗಲಿ ಎಂದು ಹೊರಗೆ ನಿಲ್ಲುತ್ತೇವೆ. ಇದನ್ನು ಮೌಢ್ಯ ಎಂದು ನಗುವವರು ನಮ್ಮಲ್ಲೇ ಇದ್ದಾರೆ. ನಾನೂ ಒಂದು ಕಾಲಕ್ಕೆ ನಕ್ಕಿದ್ದೆ. ಈಗ ನಗುವುದಿಲ್ಲ.

ಸತ್ತವರ ಜೊತೆ ಮಾತು ಮುಂದುವರಿಸಬೇಕೆಂಬ ಹಂಬಲ ಓದದವರಿಗೆ ಮಾತ್ರ ಸೇರಿದ್ದಲ್ಲ. ಇದೇ ಮೈಸೂರಿನ ಆರ್.ಕೆ. ನಾರಾಯಣ್ 1939ರಲ್ಲಿ ಹೆಂಡತಿಯನ್ನು ಕಳೆದುಕೊಂಡು, ಆಕೆಯ ಆತ್ಮದೊಡನೆ ಸಂಪರ್ಕ ಬೆಳೆಸಲು ಪ್ರಯತ್ನಪಟ್ಟರು. ಆ ಅನುಭವದಿಂದಲೇ 1945ರ 'ದಿ ಇಂಗ್ಲಿಷ್ ಟೀಚರ್' ಹುಟ್ಟಿತು. ಅವರಿಗೆ ಬರೆಯಲು ಬರುತ್ತಿತ್ತು, ಬರೆದರು. ಬರೆಯಲು ಬಾರದವರು ಪಟಕ್ಕೆ ಕುಂಕುಮ ಇಡುತ್ತಾರೆ.

ಮೈಸೂರಿನ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರ ಹೆಸರನ್ನು ಇಲ್ಲಿ ಹೇಳಲೇಬೇಕು. ಅಣ್ಣ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, 1948ರಲ್ಲಿ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಛಾಯಾಚಿತ್ರಗ್ರಾಹಕರಾದವರು. ಮುಂದೆ ಯುನಿಸೆಫ್ ಸಂಸ್ಥೆಗಾಗಿ ದೇಶದ ಬಡಮಕ್ಕಳ ನಡುವೆ ವರ್ಷಗಟ್ಟಲೆ ಓಡಾಡಿದರು. ಸಿಡುಬು ನಿರ್ಮೂಲನದ ಹೋರಾಟವನ್ನು ಚಿತ್ರದಲ್ಲಿ ಹಿಡಿದರು. 1977ರಲ್ಲಿ ಪದ್ಮಶ್ರೀ ಬಂತು. 'ಕಾಲಕ್ಕೆ ಕನ್ನಡಿ' ಎಂಬ ನೆನಪಿನ ಪುಸ್ತಕ ಬರೆದರು. 2009ರಲ್ಲಿ ಈ ಊರಿನಲ್ಲೇ ತೀರಿಕೊಂಡರು. ಅವರ ಚಿತ್ರಗಳಲ್ಲಿ ನನಗೆ ಹಿಡಿಸುವುದು ಒಂದೇ ಗುಣ: ಬಡವರ ಮಗು ಅಲ್ಲಿ ಕರುಣೆಗಾಗಿ ಕೈ ಚಾಚಿ ನಿಂತಿಲ್ಲ. ಅದು ಆಡುತ್ತಿರುತ್ತದೆ, ನಗುತ್ತಿರುತ್ತದೆ, ಕೆಲವೊಮ್ಮೆ ನಮ್ಮ ಕಡೆ ನೋಡುವುದೂ ಇಲ್ಲ.

ತಮ್ಮ ಟಿ.ಎಸ್. ನಾಗರಾಜನ್ ಬೀದಿ ಬಿಟ್ಟು ಮನೆಯೊಳಗೆ ಹೋದರು. ದೇಶದ ನಾನಾ ಕಡೆಯ ನೂರು ವರ್ಷ ದಾಟಿದ ಮನೆಗಳನ್ನು ಹುಡುಕಿಕೊಂಡು ಹೋಗಿ, ಕಿಟಕಿಯಿಂದ, ತೊಟ್ಟಿಯಿಂದ ಇಳಿಯುವ ಬೆಳಕಿನಲ್ಲೇ ಕಪ್ಪುಬಿಳುಪು ಫಿಲಂ ಮೇಲೆ ಒಳಾಂಗಣಗಳನ್ನು ಹಿಡಿದರು. ಕಂಬಗಳು, ಖಾಲಿ ಕುರ್ಚಿ, ಗೋಡೆಯ ಮೇಲೆ ಸಾಲಾಗಿ ಮನೆತನದ ಹಿರಿಯರು. ಮನೆಗಳು ಒಂದೊಂದಾಗಿ ಉರುಳುತ್ತಿದ್ದ ಕಾಲದಲ್ಲಿ ಮಾಡಿದ ಕೆಲಸ ಅದು. ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಒಂದು ತಕರಾರು ನನಗೆ ಉಂಟು, ಅದು ನಾಗರಾಜನ್ನರ ಮೇಲಲ್ಲ. ನೂರು ವರ್ಷ ನಿಲ್ಲುವ ಮನೆ ಯಾರಿಗಿತ್ತು? ಕಂಬ ಹೊತ್ತು ತಂದವನ ಗುಡಿಸಲು ಮೂರು ಮಳೆಗಾಲ ಕಂಡಿದ್ದರೆ ಹೆಚ್ಚು. ಆ ಗುಡಿಸಲಿನ ಗೋಡೆಯ ಮೇಲೆ ಯಾವ ಹಿರಿಯನ ಪಟ ಇತ್ತು?

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ನನ್ನ ತಾತ ಜೀತಕ್ಕಿದ್ದವನು. ಅವನು ಒಮ್ಮೆ ಮಾತ್ರ ಫೋಟೊದಲ್ಲಿ ಬಿದ್ದಿದ್ದನಂತೆ. ಧಣಿಗಳ ಮನೆಯ ಮದುವೆಯಲ್ಲಿ ಪೇಟೆಯಿಂದ ಫೋಟೊದವನು ಬಂದಿದ್ದ. ಎತ್ತಿನ ಮೂಗುದಾರ ಹಿಡಿದು ಅಂಚಿನಲ್ಲಿ ನಿಂತಿದ್ದ ತಾತನೂ ಸೇರಿಕೊಂಡ. ಧಣಿಗಳು ಚೌಕಟ್ಟು ಹಾಕಿಸುವಾಗ ಅಂಚು ಕತ್ತರಿಸಿದರು. ತಾತ ಸತ್ತ ಎಷ್ಟೋ ವರ್ಷಕ್ಕೆ ನಮ್ಮ ಅಪ್ಪ ಆ ಸ್ಟುಡಿಯೋ ಹುಡುಕಿಕೊಂಡು ಹೋದರು, ನೆಗೆಟಿವ್ ಸಿಕ್ಕರೆ ಒಂದು ಪ್ರತಿ ಹಾಕಿಸೋಣ ಎಂದು. ಹಳೆಯ ಗಾಜಿನ ಪ್ಲೇಟುಗಳನ್ನೆಲ್ಲ ಬೆಳ್ಳಿ ತೆಗೆಯುವವನಿಗೆ ತೂಕದ ಮೇಲೆ ಕೊಟ್ಟಾಗಿತ್ತು. ಮೇಲಿನ ಪದರ ಕೆರೆದು ಬೆಳ್ಳಿ ತೆಗೆದುಕೊಂಡು, ತೊಳೆದ ಗಾಜನ್ನು ಕಟ್ಟು ಹಾಕುವವರಿಗೆ ಮಾರುತ್ತಿದ್ದ ಕಾಲ. ನಮ್ಮ ತಾತನ ಗಾಜು ಇಂದು ಯಾರ ದೇವರ ಪಟದ ಮುಂದಿದೆಯೋ!

ಕೊನೆಗೆ ಅಪ್ಪ ಒಬ್ಬ ಚಿತ್ರಗಾರನಿಂದ ಪಟ ಬರೆಸಿದರು. ನನ್ನ ದೊಡ್ಡಪ್ಪನ ಮೂಗು, ಅಪ್ಪನ ಕಣ್ಣು, ಎಲ್ಲರೂ ಹೇಳಿದ ರುಮಾಲು, ಎಲ್ಲಿಂದಲೋ ತಂದ ಕೋಟು. ನಮ್ಮ ತಾತ ಕೋಟು ಹಾಕಿದವನೇ ಅಲ್ಲ. ಅಮಾವಾಸ್ಯೆಯ ದಿನ ಅಜ್ಜಿಯನ್ನು ಕರೆತಂದು ಪಟದ ಮುಂದೆ ನಿಲ್ಲಿಸಿದರು. ಅಜ್ಜಿ ಬಹಳ ಹೊತ್ತು ನೋಡಿತು. "ಇದ್ಯಾರ್ಲಾ ಮಗ? ರುಮಾಲು ನಿಮ್ ತಾತುಂದೇಯ. ಅವ್ರು ಇಲ್ಲ ಇದ್ರಾಗೆ" ಎಂದಿತು. ಎಡೆಯನ್ನು ಪಟದ ಮುಂದಿನಿಂದ ಎತ್ತಿ, ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬಿನ ಮುಂದೆ ಇಟ್ಟಿತು. ಪಟ ಬರುವುದಕ್ಕೆ ಮುಂಚೆ ತಾತನೆಂದು ನಾವು ಪೂಜೆ ಮಾಡುತ್ತಿದ್ದುದು ಆ ಚೊಂಬನ್ನೇ. ಅಪ್ಪ ಮಾತಾಡಲಿಲ್ಲ.

ಈಗ ಫಿಲಂ ವಿಚಾರಕ್ಕೆ ಬರುತ್ತೇನೆ. ಕೈಯಲ್ಲಿ ಮೊಬೈಲು ಇರುವ ಕಾಲದಲ್ಲಿ ಕೆಲವು ತರುಣ ಕಲಾವಿದರು ಮತ್ತೆ ಫಿಲಂ ಕ್ಯಾಮರಾ ಹಿಡಿದು, ತಮ್ಮ ಮನೆತನದ ಕಥೆಯನ್ನೂ ಕಾಣದ ಲೋಕವನ್ನೂ ಹುಡುಕುತ್ತಿದ್ದಾರೆ. ಶೋಕಿ ಎಂದು ತಳ್ಳಿಬಿಡಬಹುದು. ಶೋಕಿಯೂ ಸ್ವಲ್ಪ ಇದೆ. ಆದರೆ ಫಿಲಮಿನ ಗುಟ್ಟು ಕೇಳಿ. ಗುಂಡಿ ಒತ್ತಿದ ಗಳಿಗೆಯಲ್ಲಿ ಬೆಳಕು ಬೆಳ್ಳಿಯ ಲವಣದ ಹರಳುಗಳಿಗೆ ತಾಗಿ ಗುರುತು ಬೀಳುತ್ತದೆ. ಆ ಗುರುತು ಯಾವ ಕಣ್ಣಿಗೂ ಕಾಣದು. ದಿನ, ತಿಂಗಳು, ಕೆಲವೊಮ್ಮೆ ವರ್ಷಗಟ್ಟಲೆ ಹಾಗೇ ಅಡಗಿರುತ್ತದೆ. ಕತ್ತಲಲ್ಲಿ ಔಷಧದ ನೀರಿಗೆ ಇಳಿಸಿದಾಗ ಮುಖ ಮೂಡುತ್ತದೆ. ಆ ಹರಳುಗಳನ್ನು ಹಿಡಿದಿಡುವ ಜಿಲೆಟಿನ್ ಎಂಬ ಅಂಟು ದನದ ಮೂಳೆ, ತೊಗಲು ಬೇಯಿಸಿ ಮಾಡುವಂಥದು. ಮಡಿಯ ಮನೆಗಳ ದೇವರ ಕೋಣೆಯಲ್ಲೂ ಹಿರಿಯರು ನೂರು ವರ್ಷದಿಂದ ಅದರ ಮೇಲೇ ಕುಳಿತಿದ್ದಾರೆ ಎಂದು ನಾನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ.

ಈ ಫಿಲಂ ನಮಗೆ ದೂರದ ವಸ್ತುವೂ ಅಲ್ಲ. ಬಂಡೀಪುರ ದಾಟಿ ಘಟ್ಟ ಹತ್ತಿದರೆ ಊಟಿ. ಅಲ್ಲಿ 1960ರಲ್ಲಿ ಕೇಂದ್ರ ಸರ್ಕಾರ ಹಿಂದೂಸ್ತಾನ್ ಫೋಟೊ ಫಿಲಂಸ್ ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಶುರುವಾಯಿತು. 'ಇಂದು' ಎಂಬ ಹೆಸರಿನಲ್ಲಿ ಫಿಲಂ, ಫೋಟೊ ಕಾಗದ, ಆಸ್ಪತ್ರೆಗೆ ಎಕ್ಸ್‌ರೇ ಫಿಲಂ ಬರುತ್ತಿದ್ದವು. ಸಾವಿರಾರು ಸಂಸಾರಗಳು ಅದರ ಮೇಲೆ ಬದುಕಿದವು. 1990ರ ದಶಕದಲ್ಲಿ ಅದು ರೋಗಗ್ರಸ್ತ ಎಂಬ ಪಟ್ಟಿಗೆ ಸೇರಿ, ಆಮೇಲೆ ಮುಚ್ಚಿಹೋಯಿತು. ಇಂದು ಒಂದು ಸುರುಳಿ ಫಿಲಂ ಬೇಕಾದರೆ ಹೊರದೇಶದಿಂದ ಬರಬೇಕು, ಅದರ ಬೆಲೆ ಕೂಲಿಯವನ ದಿನದ ದುಡಿಮೆಯನ್ನು ನುಂಗುತ್ತದೆ. ಹಾಗಾಗಿ ಮನೆತನದ ಚರಿತ್ರೆಯನ್ನು ಫಿಲಮಿನಲ್ಲಿ ಹುಡುಕುವ ಕೆಲಸ ಮತ್ತೆ ಉಳ್ಳವರ ಮಕ್ಕಳ ಪಾಲಿಗೇ ಬೀಳುವ ಸಂಭವ ಇದೆ. ಆ ಕಲಾವಿದರಲ್ಲಿ ಯಾರಾದರೂ ಇಲ್ಲಿದ್ದರೆ ಒಂದು ಮಾತು: ನಿಮ್ಮ ಮನೆಯ ಹಳೆಯ ಫೋಟೊಗಳ ಅಂಚು ನೋಡಿ. ಮೂಗುದಾರ ಹಿಡಿದವನು, ಕೊಡೆ ಹಿಡಿದವಳು, ಮಗುವನ್ನು ಎತ್ತಿಕೊಂಡು ಅರ್ಧ ಮಾತ್ರ ಕಾಣುವ ಆಳು ಹೆಂಗಸು. ಅವರ ಹೆಸರು ಹೇಳಬಲ್ಲ ಒಬ್ಬ ಮುದುಕಿಯಾದರೂ ಊರಲ್ಲಿ ಇದ್ದಾಳು.

ಉಳಿದವರಿಗೆ ಕೆಲಸ ಇನ್ನೂ ಸಣ್ಣದು. ಅಟ್ಟದ ಪೆಟ್ಟಿಗೆಯಲ್ಲಿ ನೆಗೆಟಿವ್ ಇದ್ದರೆ ಗುಜರಿಗೆ ಹಾಕಬೇಡಿ. ಕಿಟಕಿಗೆ ಹಿಡಿದು ನೋಡಿ. ಕೇರಿಯ ಮನೆಗಳಿಂದ ಫೋಟೊ ಇಸಕೊಂಡರೆ ಸಂಜೆಗೆ ವಾಪಸು ಕೊಡಿ, ಇಟ್ಟುಕೊಳ್ಳಬೇಡಿ. ಹಿಂಬದಿಯಲ್ಲಿ ಹೆಸರು ಬರೆಯುವಾಗ ಶಾಯಿ ಬೇಡ, ಅದು ಹಾಯ್ದು ಮುಖಕ್ಕೆ ಬರುತ್ತದೆ. ಮೆತ್ತನೆಯ ಪೆನ್ಸಿಲು ಸಾಕು.