ಕಾರಿನ ಕಾವಲುಗಾರ

ತೀರಿಕೊಂಡ ನನ್ನ ಅಣ್ಣ ವಿದೇಶದಿಂದ ತರಿಸಿದ್ದ ಎರಡೇ ಆಸನದ ಸ್ಪೋರ್ಟ್ಸ್ ಕಾರೊಂದು ಬಸವೇಶ್ವರನಗರದ ನಮ್ಮ ಮನೆಯ ಮುಂದಿದೆ, 1999ರ ತಯಾರಿಕೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅದು ನನ್ನನ್ನು ಕಳ್ಳನೆಂದು ಬಗೆಯಿತು. ಸ್ಟಾರ್ಟರ್ ತಿರುಗಿತು, ಎಂಜಿನ್ ಹೊತ್ತಿಕೊಳ್ಳಲಿಲ್ಲ. ಎದುರಿನ ಫಲಕದಲ್ಲಿ ಕೆಂಪು ದೀಪವೊಂದು ಮಿನುಗುತ್ತಲೇ ಇತ್ತು.

ಕೇಳುಗರೇ, ಇಮೊಬಿಲೈಸರ್ ಎಂಬ ಈ ಕಾವಲುಗಾರ ಯುರೋಪಿನ ಹೊಸ ಕಾರುಗಳಿಗೆ 1998ರಲ್ಲಿ ಕಡ್ಡಾಯವಾದವನು. ಕೀಲಿಕೈಯ ತಲೆಯಲ್ಲಿ ಅಡಗಿರುವ ಪುಟ್ಟ ಚಿಪ್‌ಗೆ ಬ್ಯಾಟರಿಯಿಲ್ಲ. ಬೀಗದ ಸುತ್ತಲಿನ ತಂತಿಸುರುಳಿಯ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ಅದು ತನ್ನ ಗುರುತು ಹೇಳುತ್ತದೆ. ಗುರುತು ಹೊಂದದಿದ್ದರೆ ಎಂಜಿನ್ನಿಗೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ.

ಬಂದ ಮೆಕ್ಯಾನಿಕ್‌ಗಳೆಲ್ಲ ‘ಅದನ್ನು ತಪ್ಪಿಸಿ ನೇರ ವೈರ್ ಕೊಟ್ಟುಬಿಡೋಣ ಸಾರ್’ ಎಂದರು. ಅಣ್ಣನ ಕಾಲದಿಂದ ಉಳಿದಿರುವುದು ಅದೊಂದೇ ಕೀಲಿಕೈ, ಅವನ ಬೆರಳಿಗೆ ಸವೆದದ್ದು. ಅದನ್ನು ಗುರುತಿಸಬಲ್ಲವನನ್ನು ಹೊರಗಟ್ಟಲು ಮನಸ್ಸು ಒಪ್ಪಲಿಲ್ಲ. ಬೀದಿಯಲ್ಲಿ ನಿಲ್ಲುವ ಕಾರಿಗೆ ಬೇರೆ ರಕ್ಷಣೆಯೂ ಇಲ್ಲ.

ಕೊನೆಗೆ ಕಾಮಾಕ್ಷಿಪಾಳ್ಯದಿಂದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಸ್ಟೀರಿಂಗ್ ಕೆಳಗಿನ ಹೊದಿಕೆ ಬಿಚ್ಚಿ, ಸುರುಳಿಗೆ ಮೀಟರ್ ಹಿಡಿದರು. ಕೂದಲೆಳೆಯಂಥ ತಂತಿಯೊಂದು ಬೆಸುಗೆ ಬಿಟ್ಟಿತ್ತು. ‘ಕೀಲಿಕೈ ಸರಿಯಾಗೇ ಇದೆ ಸಾರ್, ಅದರ ಮಾತು ಕೇಳೋ ಕಿವಿ ಕೆಟ್ಟಿದೆ’ ಎಂದರು. ಬೆಸೆದ ಮೇಲೆ ಕೆಂಪು ದೀಪ ಆರಿತು. ಅಣ್ಣನ ಪಕ್ಕ ನಾನು ಕೂರುತ್ತಿದ್ದ ಆಸನದಲ್ಲಿ ಅವರನ್ನು ಕೂರಿಸಿಕೊಂಡು, ಮಾಗಡಿ ರಸ್ತೆಯ ಮೇಲೆ ಅವರ ಅಂಗಡಿಯ ತನಕ ಬಿಟ್ಟುಬಂದೆ.