20ನೇ ತಾರೀಖು, ಒಂದು ಲ್ಯಾಪ್‌ಟಾಪ್, ಒಂದು ಹಾಟ್‌ಸ್ಪಾಟ್

ಇವತ್ತಿನ ವಿಷಯ ಕೇಳಿದ ತಕ್ಷಣ ಕೆಲವರು ಮುಂದಕ್ಕೆ ಓಡಿಸ್ತೀರಾ ಅಂತ ಗೊತ್ತು. ಮೊಬೈಲ್ ಹಾಟ್‌ಸ್ಪಾಟ್. ಅಂದ್ರೆ ಫೋನಿನ ಇಂಟರ್ನೆಟ್ಟನ್ನ ಲ್ಯಾಪ್‌ಟಾಪ್‌ಗೆ ಕೊಡೋದು. "ಅದರಲ್ಲೇನಿದೆ ಗುರು, ಆನ್ ಮಾಡಿದ್ರೆ ಆಯ್ತು" ಅಂತೀರಾ. ಸ್ವಲ್ಪ ತಡೀರಿ. ಆ ಒಂದು ಸ್ವಿಚ್ ಮೇಲೆ ದಿನದ ದುಡಿಮೆ ನಿಂತಿರೋ ಜಾಗ ನಮ್ಮ ಬೆಂಗಳೂರಲ್ಲೇ ಇದೆ. ಅದು ಗಾಂಧಿನಗರ.

ಗಾಂಧಿನಗರ ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ಸಿನಿಮಾ. ಕನ್ನಡ ಚಿತ್ರರಂಗಕ್ಕೇ "ಗಾಂಧಿನಗರ" ಅಂತ ಹೆಸರು ಬಿದ್ದುಹೋಗಿದೆ. ಆದ್ರೆ ಬಿ.ಕಾಂ. ಓದಿದ ನನ್ನಂಥವರಿಗೆ ಗಾಂಧಿನಗರ ಅಂದ್ರೆ ಇನ್ನೊಂದು ಕಟ್ಟಡ: ವಾಣಿಜ್ಯ ತೆರಿಗೆ ಕಾರ್ಯಾಲಯ. ಕಾಳಿದಾಸ ರಸ್ತೆಯಲ್ಲಿರೋ ಆ ಕಟ್ಟಡದ ಸುತ್ತಮುತ್ತ ತೆರಿಗೆ ಸಲಹೆಗಾರರ ಸಣ್ಣ ಸಣ್ಣ ಆಫೀಸುಗಳಿವೆ. ಹಳೇ ಕಟ್ಟಡ, ಕಿರಿದಾದ ಮೆಟ್ಟಿಲು, ಒಂದು ಕೋಣೆ, ಎರಡು ಮೇಜು, ಗೋಡೆ ತುಂಬಾ ಫೈಲು. ಓದು ಮುಗಿಸಿ ಎರಡು ವರ್ಷ ನಾನು ಅಂಥದ್ದೇ ಒಂದು ಕೋಣೆಯಲ್ಲಿ ಕೆಲಸ ಮಾಡಿದ್ದೀನಿ. ಅಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ಆದ್ರೆ ರಸ್ತೆ ಅಗೆದಾಗ ಅದು ಹೋಗ್ತಿತ್ತು, ಕರೆಂಟ್ ಹೋದಾಗಲೂ ಹೋಗ್ತಿತ್ತು. ಆಗ ನಮ್ಮ ಸಾರ್ ತಲೆ ಎತ್ತದೇ ಕೇಳ್ತಿದ್ದ ಮಾತು ಒಂದೇ: "ಯಾರ ಫೋನಲ್ಲಿ ಡೇಟಾ ಇದೆಯಪ್ಪ?"

ಯಾಕೆ ಅಷ್ಟು ಆತುರ ಅಂತ ಹೇಳ್ತೀನಿ. ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸೋ ವ್ಯಾಪಾರಿಗಳು ಜಿಎಸ್‌ಟಿಆರ್-3ಬಿ ಅನ್ನೋದನ್ನ ಮುಂದಿನ ತಿಂಗಳ 20ನೇ ತಾರೀಖಿನೊಳಗೆ ಹಾಕಬೇಕು. ತಡವಾದ್ರೆ ದಿನಕ್ಕೆ 50 ರೂಪಾಯಿ ದಂಡ. ವ್ಯವಹಾರವೇ ನಡೆದಿಲ್ಲ ಅಂದ್ರೂ ದಿನಕ್ಕೆ 20. ತಡವಾಗಿ ಕಟ್ಟೋ ತೆರಿಗೆಗೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೇರೆ. ಈಗ ಲೆಕ್ಕ ಹಾಕಿ. ಒಂದು ಆಫೀಸಲ್ಲಿ 40 ಜನರ ರಿಟರ್ನ್ ಬಾಕಿ ಇದ್ದು 20ನೇ ತಾರೀಖಿನ ಸಂಜೆ ನೆಟ್ ಹೋಯ್ತು ಅಂದ್ಕೊಳ್ಳಿ. ಒಂದು ದಿನ ತಡ ಅಂದ್ರೆ 2,000 ರೂಪಾಯಿ. ಆ ದುಡ್ಡನ್ನ ಅಂಗಡಿಯವರು ಯಾರನ್ನ ಕೇಳ್ತಾರೆ? ಸಲಹೆಗಾರರನ್ನೇ. ಸಲಹೆಗಾರರು ಯಾರ ಮುಖ ನೋಡ್ತಾರೆ? ಮೂಲೆಯಲ್ಲಿ ಕೂತಿರೋ ಹುಡುಗನ ಮುಖ.

ಇನ್ನೊಂದು ಇ-ವೇ ಬಿಲ್. ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚಿನ ಸರಕು ಗಾಡಿ ಹತ್ತಿ ಹೊರಡೋ ಮುಂಚೆ ಆನ್‌ಲೈನ್‌ನಲ್ಲಿ ಅದು ಆಗಿರಬೇಕು. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ವ್ಯಾಟ್ ಕಾಲದಲ್ಲೇ ಇಲ್ಲಿ ಇ-ಸುಗಮ್ ಅಂತ ಇತ್ತು. 2018ರ ಏಪ್ರಿಲ್ 1ಕ್ಕೆ ರಾಜ್ಯದ ಒಳಗಿನ ಸಾಗಣೆಗೂ ಇ-ವೇ ಬಿಲ್ ಶುರು ಮಾಡಿದ್ದು ಕರ್ನಾಟಕ ಮಾತ್ರ. ಗಾಡಿ ಗೋದಾಮಿನ ಮುಂದೆ ನಿಂತಿದೆ, ಡ್ರೈವರ್ ಟೀ ಕುಡಿದು ಬಂದಾಯ್ತು, ಬಿಲ್ ಮಾತ್ರ ಬಂದಿಲ್ಲ. ಅಂಥ ಹೊತ್ತಲ್ಲಿ ಜೇಬಲ್ಲಿರೋ ಫೋನೇ ಆಫೀಸಿನ ಇಂಟರ್ನೆಟ್ಟು.

ಈ ಫೋನು ಮೋಡೆಮ್ ಆಗೋದು ಹೊಸ ವಿದ್ಯೆ ಏನಲ್ಲ. ನಮ್ಮ ಅಣ್ಣಂದಿರ ಕಾಲದಲ್ಲಿ ನೋಕಿಯಾ ಫೋನಿಗೆ ಡೇಟಾ ಕೇಬಲ್ ಸಿಕ್ಕಿಸಿ, ಇಲ್ಲಾಂದ್ರೆ ಬ್ಲೂಟೂತ್ ಜೋಡಿಸಿ, ಕಂಪ್ಯೂಟರಿಂದ *99# ಡಯಲ್ ಮಾಡಿದ್ರೆ ಜಿಪಿಆರ್‌ಎಸ್ ಬರ್ತಿತ್ತು. ತಮಾಷೆ ನೋಡಿ, ಅದೇ *99# ಈಗ ಇಂಟರ್ನೆಟ್ ಇಲ್ಲದ ಫೋನಲ್ಲಿ ಬ್ಯಾಂಕ್ ವ್ಯವಹಾರ ಮಾಡೋ ನಂಬರ್. ಆಮೇಲೆ ಯುಎಸ್‌ಬಿ ಡಾಂಗಲ್‌ಗಳ ಕಾಲ ಬಂತು. 2010ರಲ್ಲಿ ಆಂಡ್ರಾಯ್ಡ್ 2.2 ಬಂದಾಗ ಹಾಟ್‌ಸ್ಪಾಟ್ ಫೋನಿನೊಳಗೇ ಸೇರ್ಕೊಳ್ತು. ಆದ್ರೆ ಡೇಟಾ ದುಬಾರಿ ಆಗಿದ್ದರಿಂದ ಯಾರೂ ಧಾರಾಳವಾಗಿ ಬಳಸ್ತಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದ ಮೇಲೆ ತಿಂಗಳ ಲೆಕ್ಕದ ಡೇಟಾ ಹೋಗಿ ದಿನದ ಲೆಕ್ಕದ ಡೇಟಾ ಬಂತು. "ಸ್ವಲ್ಪ ಹಾಟ್‌ಸ್ಪಾಟ್ ಕೊಡೋ" ಅನ್ನೋ ಮಾತು ಬಂದಿದ್ದು ಆಗ.

ಸರಿ, ಈಗ ಕೆಲಸಕ್ಕೆ ಬರೋ ವಿಷಯ. ಫೋನಿಂದ ಲ್ಯಾಪ್‌ಟಾಪ್‌ಗೆ ಮೂರು ದಾರಿ ಇದೆ.

ಮೊದಲನೇದು ವೈಫೈ ಹಾಟ್‌ಸ್ಪಾಟ್. ಸುಲಭ, ನಾಲ್ಕೈದು ಜನಕ್ಕೂ ಹಂಚಬಹುದು. ಆದ್ರೆ ಬ್ಯಾಟರಿ ಬೇಗ ಮುಗಿಯುತ್ತೆ, ಫೋನು ಬಿಸಿಯಾಗುತ್ತೆ. ಸೆಟ್ಟಿಂಗ್ಸ್‌ನಲ್ಲಿ 2.4 ಗಿಗಾಹರ್ಟ್ಜ್, 5 ಗಿಗಾಹರ್ಟ್ಜ್ ಅಂತ ಎರಡು ಬ್ಯಾಂಡ್ ಕಾಣ್ಸುತ್ತೆ. ಫೋನು ಪಕ್ಕದಲ್ಲೇ ಇದ್ರೆ 5 ಇಟ್ಕೊಳ್ಳಿ, ವೇಗ ಜಾಸ್ತಿ. ನಡುವೆ ಗೋಡೆ ಇದ್ರೆ 2.4 ಒಳ್ಳೇದು.

ಎರಡನೇದು ಯುಎಸ್‌ಬಿ ಟೆದರಿಂಗ್. ಚಾರ್ಜರ್ ಕೇಬಲ್ಲೇ ಸಾಕು, ಆದ್ರೆ ಅದು ಡೇಟಾ ಹೋಗೋ ಕೇಬಲ್ ಆಗಿರಬೇಕು. ಒಬ್ಬರೇ ಕೂತು ಕೆಲಸ ಮಾಡೋದಾದ್ರೆ ನನ್ನ ಓಟು ಇದಕ್ಕೇ. ಫೋನು ಚಾರ್ಜೂ ಆಗ್ತಾ ಇರುತ್ತೆ, ಸಂಪರ್ಕ ಗಟ್ಟಿಯಾಗಿರುತ್ತೆ, ಅಕ್ಕಪಕ್ಕದವರಿಗೆ ನಿಮ್ಮ ನೆಟ್‌ವರ್ಕ್ ಕಾಣೋದೇ ಇಲ್ಲ. ಕರೆಂಟ್ ಹೋಗಿದ್ರೆ ಮಾತ್ರ ಫೋನು ಲ್ಯಾಪ್‌ಟಾಪ್ ಬ್ಯಾಟರಿಯನ್ನೇ ಕುಡಿಯುತ್ತೆ, ನೆನಪಿರಲಿ.

ಮೂರನೇದು ಬ್ಲೂಟೂತ್. ನಿಧಾನ, ಆದ್ರೆ ಬ್ಯಾಟರಿ ಕಡಿಮೆ ತಿನ್ನುತ್ತೆ. ಮೇಲ್ ನೋಡೋಕೆ, ಒಂದು ಫಾರ್ಮ್ ತುಂಬೋಕೆ ಸಾಕು.

ಈಗ ಎಲ್ಲರೂ ಕೇಳೋ ಪ್ರಶ್ನೆ: ಕಡ್ಡಿ ಪೂರ್ತಿ ಇದೆ, ಆದ್ರೂ ಯಾಕೆ ಸ್ಲೋ? ಆ ಕಡ್ಡಿಗಳು ತೋರ್ಸೋದು ಟವರ್‌ನ ಸಿಗ್ನಲ್ ಎಷ್ಟು ಬಲವಾಗಿದೆ ಅಂತ. ಅದೇ ಟವರನ್ನ ಎಷ್ಟು ಜನ ಹಂಚ್ಕೊಂಡಿದ್ದಾರೆ ಅಂತ ಅವು ಹೇಳಲ್ಲ. ಗಾಂಧಿನಗರದ ಪಕ್ಕದಲ್ಲೇ ಕೆಂಪೇಗೌಡ ಬಸ್ ನಿಲ್ದಾಣ, ರೈಲು ನಿಲ್ದಾಣ, ಮೆಟ್ರೋ. ಸಂಜೆ ಊರಿಗೆ ಹೊರಟವರೆಲ್ಲ ಬಸ್ಸು ಕಾಯ್ತಾ ರೀಲ್ಸ್ ನೋಡ್ತಿರ್ತಾರೆ. ಆ ಹೊತ್ತಲ್ಲಿ ಪೋರ್ಟಲ್ ತೆಗೆದು ಕೂತ್ರೆ ನಿಮ್ಮ ಪಾಲಿಗೆ ಬರೋದು ಸ್ವಲ್ಪವೇ. ಬೆಳಿಗ್ಗೆ ಬೇಗ ಮಾಡೋ ಕೆಲಸ ಸಂಜೆಗಿಂತ ಸಲೀಸು. ಇನ್ನೊಂದು ಉಪಾಯ: ಫೋನನ್ನ ಮೇಜಿನ ಮೇಲಲ್ಲ, ಕಿಟಕಿ ಹತ್ರ ಇಡಿ. ಟವರಿಂದ ಫೋನಿಗೆ ಬರೋ ದಾರಿ ಚೆನ್ನಾಗಿದ್ರೆ ಫೋನಿಂದ ಲ್ಯಾಪ್‌ಟಾಪ್‌ಗೆ ಹತ್ತು ಅಡಿ ದೂರ ಲೆಕ್ಕಕ್ಕಿಲ್ಲ. ದಪ್ಪ ಗೋಡೆಯ ಹಳೇ ಕಟ್ಟಡಗಳಲ್ಲಿ ಈ ಒಂದು ಬದಲಾವಣೆಯೇ ಸಾಕಾಗುತ್ತೆ ಎಷ್ಟೋ ಸಲ.

ಕಾಲ್ ಬಂದ ತಕ್ಷಣ ನೆಟ್ ನಿಂತುಹೋಗೋದು ಇನ್ನೊಂದು ತಲೆನೋವು. ಅರ್ಧ ತುಂಬಿದ ಫಾರ್ಮ್, ಅಷ್ಟರಲ್ಲಿ ಪಾರ್ಟಿಯವರೇ ಫೋನ್ ಮಾಡ್ತಾರೆ, "ಆಯ್ತಾ ಸಾರ್?" ಅಂತ ಕೇಳೋಕೆ. ಅವರು ಕೇಳಿದ್ದರಿಂದಲೇ ಆಗಲ್ಲ! ಕಾರಣ ಇಷ್ಟೇ: ವೋಲ್ಟಿ ಆಫ್ ಇದ್ರೆ ಕರೆ ಬಂದಾಗ ಫೋನು 4ಜಿ ಬಿಟ್ಟು ಹಳೇ ನೆಟ್‌ವರ್ಕ್‌ಗೆ ಇಳಿಯುತ್ತೆ, ಡೇಟಾ ಅಲ್ಲೇ ನಿಲ್ಲುತ್ತೆ ಇಲ್ಲಾ ತೆವಳುತ್ತೆ. ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಆನ್ ಮಾಡಿ. ಎರಡು ಸಿಮ್ ಇದ್ದು, ಡೇಟಾ ಒಂದರಲ್ಲಿ, ಕರೆ ಇನ್ನೊಂದಕ್ಕೆ ಬಂದ್ರೂ ಎಷ್ಟೋ ಫೋನುಗಳಲ್ಲಿ ಡೇಟಾ ಕಡಿಯುತ್ತೆ. ಜಿಎಸ್‌ಟಿ ಪೋರ್ಟಲ್ 15 ನಿಮಿಷ ಸುಮ್ಮನಿದ್ರೆ ಲಾಗೌಟ್ ಮಾಡಿಬಿಡುತ್ತೆ, ಆದ್ದರಿಂದ ನೆಟ್ ಹೋಗಿರುವಾಗ ಮಾತು ಉದ್ದ ಮಾಡ್ಬೇಡಿ.

ಈಗ ನನ್ನ ಇಷ್ಟದ ಭಾಗ, ಲೆಕ್ಕ. ದಿನಕ್ಕೆ 2 ಜಿಬಿ ಪ್ಲಾನ್ ಅಂದ್ಕೊಳ್ಳಿ. ರಿಟರ್ನ್ ತುಂಬೋದು, ಮೇಲ್ ಕಳಿಸೋದು, ಇದಕ್ಕೆಲ್ಲ ಅದರಲ್ಲಿ ಒಂದು ಚೂರೂ ಬೇಡ. ಡೇಟಾ ನುಂಗೋದು ನೀವು ಕೇಳದೇ ನಡೆಯೋ ಕೆಲಸ. ಲ್ಯಾಪ್‌ಟಾಪ್‌ಗೆ ಅದು ಫೋನ್ ಡೇಟಾ ಅಂತ ಗೊತ್ತಿರಲ್ಲ. ಮನೆ ವೈಫೈ ಸಿಕ್ತು ಅಂದ್ಕೊಂಡು ವಿಂಡೋಸ್ ಅಪ್‌ಡೇಟ್ ಇಳಿಸುತ್ತೆ, ಫೋಟೋಗಳನ್ನ ಕ್ಲೌಡ್‌ಗೆ ಹತ್ತಿಸುತ್ತೆ. ವಿಂಡೋಸ್‌ನಲ್ಲಿ ಆ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ "ಮೀಟರ್ಡ್ ಕನೆಕ್ಷನ್" ಆನ್ ಮಾಡಿ. ಮ್ಯಾಕ್‌ನಲ್ಲಿ "ಲೋ ಡೇಟಾ ಮೋಡ್". ಒಂದ್ಸಲ ಮಾಡಿದ್ರೆ ಆ ನೆಟ್‌ವರ್ಕ್‌ಗೆ ಅದು ನೆನಪಿರುತ್ತೆ.

ಮಿತಿ ಮುಗಿದ್ರೆ ಏನಾಗುತ್ತೆ? ಎಷ್ಟೋ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತೆ. ಅದು ಎಷ್ಟು ಅಂದ್ರೆ, ಸೆಕೆಂಡಿಗೆ 8 ಕಿಲೋಬೈಟ್. 10 ಎಂಬಿಯ ಒಂದು ಪಿಡಿಎಫ್ ಕಳಿಸೋಕೆ 21 ನಿಮಿಷ. ಅಷ್ಟೊತ್ತಿಗೆ ಪೋರ್ಟಲ್ ನಿಮ್ಮನ್ನ ಮರೆತಿರುತ್ತೆ. 5ಜಿ ಅನ್‌ಲಿಮಿಟೆಡ್ ಇದೆಯಲ್ಲ ಅಂತೀರಾ? 2024ರ ಜುಲೈ ದರ ಏರಿಕೆ ಆದ್ಮೇಲೆ ಜಿಯೋ, ಏರ್‌ಟೆಲ್ ಎರಡರಲ್ಲೂ ಅದನ್ನ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನ್‌ಗೆ ಕಟ್ಟಿದ್ರು. ಕೋಣೆಯೊಳಗೆ 5ಜಿ ಹೋಗಿ 4ಜಿ ಬಂದ್ರೆ ಖರ್ಚಾಗೋದು ಆ ದಿನದ 2 ಜಿಬಿಯೇ. ಮೇಲಿನ ಮೂಲೆಯಲ್ಲಿ ಏನು ಬರೆದಿದೆ ಅಂತ ಒಂದು ಕಣ್ಣಿಟ್ಟಿರಿ.

ಕೊನೇದಾಗಿ, ಯಾರೂ ಯೋಚ್ನೆ ಮಾಡದ ವಿಷಯ. ಹಾಟ್‌ಸ್ಪಾಟ್ ಕೊಡೋದು ಅಂದ್ರೆ ಬರೀ ಡೇಟಾ ಕೊಡೋದಲ್ಲ, ನಿಮ್ಮ ಹೆಸರು ಕೊಡೋದು. ಸಿಮ್ ನಿಮ್ಮ ದಾಖಲೆ ಮೇಲಿದೆ. ನಿಮ್ಮ ನೆಟ್ ಬಳಸಿ ಯಾರೋ ಏನೋ ತಪ್ಪು ಕೆಲಸ ಮಾಡಿದ್ರೆ, ಹುಡುಕ್ಕೊಂಡು ಬರೋರು ಮೊದಲು ಬರೋದು ನಿಮ್ಮ ಮನೆ ಬಾಗಿಲಿಗೆ. ಲಾಡ್ಜ್‌ನಲ್ಲಿ, ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರು "ಐದು ನಿಮಿಷ ಕೊಡಿ ಬ್ರೋ" ಅಂದ್ರೆ ಇದು ನೆನಪಾಗ್ಲಿ. ಕಷ್ಟದಲ್ಲಿರೋರಿಗೆ ಕೊಡ್ಬೇಡಿ ಅಂತಿಲ್ಲ. ಅವರ ಟಿಕೆಟ್ಟನ್ನ ನಿಮ್ಮ ಫೋನಲ್ಲೇ ತೆಗೆದು ತೋರ್ಸಿ. ಯಾರಿಗಾದ್ರೂ ಪಾಸ್‌ವರ್ಡ್ ಕೊಟ್ರೆ ಅವರು ಹೋದ ಮೇಲೆ ಬದಲಾಯಿಸಿ. 12345678 ಬೇಡ, ನಿಮ್ಮದೇ ಫೋನ್ ನಂಬರ್ರಂತೂ ಬೇಡವೇ ಬೇಡ. ಭದ್ರತೆ ಅನ್ನೋ ಕಡೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ, "ಓಪನ್" ಬೇಡ. ಎಷ್ಟು ಸಾಧನ ಸೇರಿವೆ ಅಂತ ಫೋನೇ ತೋರ್ಸುತ್ತೆ, ಆಗಾಗ ನೋಡ್ತಾ ಇರಿ. ಇನ್ನೊಬ್ಬರ ಹಾಟ್‌ಸ್ಪಾಟ್‌ಗೆ ನೀವು ಸೇರಿದ್ರೆ ವಿಂಡೋಸ್‌ನಲ್ಲಿ "ಪಬ್ಲಿಕ್ ನೆಟ್‌ವರ್ಕ್" ಅಂತ ಆರಿಸಿ. ಪಾರ್ಟಿಗಳ ಲೆಕ್ಕಪತ್ರ ಇರೋ ಲ್ಯಾಪ್‌ಟಾಪ್ ಆದ್ರಂತೂ ಇದು ಕಡ್ಡಾಯ.

ನನ್ನ ಅಭಿಪ್ರಾಯ ಕೇಳಿದ್ರೆ, ದಿನಾ ಎಂಟು ಗಂಟೆ ಕೆಲಸ ಇರೋರಿಗೆ ಹಾಟ್‌ಸ್ಪಾಟ್ ಸಂಸಾರ ಅಲ್ಲ, ಸ್ಟೆಪ್ನಿ. ಆಫೀಸಿಗೊಂದು ಬ್ರಾಡ್‌ಬ್ಯಾಂಡ್ ಇರಲಿ, ಅದು ಕೈಕೊಟ್ಟಾಗ ಫೋನು ಇರಲಿ. ಇಬ್ಬರು ಕೆಲಸ ಮಾಡೋ ಕಡೆ ಇಬ್ಬರೂ ಬೇರೆ ಬೇರೆ ಕಂಪನಿ ಸಿಮ್ ಇಟ್ಕೊಳ್ಳಿ. ಒಂದು ಟವರ್ ಸೋತ್ರೆ ಇನ್ನೊಂದು ಕಾಯುತ್ತೆ. ಹುಡುಗನ ಫೋನನ್ನೇ ತಿಂಗಳುಗಟ್ಟಲೆ ಆಫೀಸಿನ ಲೈನ್ ಮಾಡ್ಕೊಂಡಿರೋ ಮಾಲೀಕರು ಯಾರಾದ್ರೂ ಕೇಳ್ತಿದ್ರೆ, ದಯವಿಟ್ಟು ಅವನ ರೀಚಾರ್ಜ್ ದುಡ್ಡು ಕೊಟ್ಟುಬಿಡಿ ಸಾರ್. ಅದು ಆಫೀಸ್ ಖರ್ಚೇ. ಲೆಕ್ಕದ ಪುಸ್ತಕದಲ್ಲಿ ಬರೆಯೋಕೂ ಜಾಗ ಇದೆ.

ಇವತ್ತಿಗೆ ಇಷ್ಟು. 20ನೇ ತಾರೀಖಿನ ತನಕ ಕಾಯೋ ಫ್ರೆಂಡ್ ಯಾರಾದ್ರೂ ಇದ್ರೆ ಈ ಕಂತನ್ನ ಅವರಿಗೆ ಕಳಿಸಿ. ನೀವೇ ಕಂಡುಕೊಂಡ ಉಪಾಯ ಇದ್ರೆ ನಂಗೂ ಬರೀರಿ.